ಅಪ್‌ಡೇಟ್: ಹಿಜ್ಕೀಯನ ಸುರಂಗದಿಂದಲೇ ಪಾಠ ಶುರುವಾಯಿತು

ಬೈಬಲ್ಲನ್ನು ನಂಬುವ ಮನೆಯಲ್ಲಿ ಮಕ್ಕಳಿಗೆ ಪುರಾತತ್ವವನ್ನು ಎಲ್ಲಿಂದ ಕಲಿಸಲು ತೊಡಗಬೇಕು ಎಂದು ಕೇಳಿದ್ದೆ. ಉದ್ದದ ಕಾಲಪಟ್ಟಿ ಬೇಡ, ಒಂದೇ ವಸ್ತುವನ್ನು ಹಿಡಿದು ಕುಳಿತುಕೊಳ್ಳಿ ಎಂದು ಹಲವರು ಹೇಳಿದಿರಿ. ಹಾಗೆಯೇ ಮಾಡಿದೆವು. ಎಲ್ಲರಿಗೂ ಮನಸಾರೆ ವಂದನೆಗಳು.

ಆರಿಸಿಕೊಂಡದ್ದು ಯೆರೂಸಲೇಮಿನ ಹಿಜ್ಕೀಯನ ಸುರಂಗ; ಹಿಜ್ಕೀಯ ಪ್ರಾಚೀನ ಯೆಹೂದ ರಾಜ್ಯದ ಅರಸ. ಮೊದಲು ಬೈಬಲ್ಲಿನ 2 ಅರಸುಗಳು 20:20 ಓದಿದೆವು: ಅರಸನು ಕೊಳ, ಕಾಲುವೆ ಮಾಡಿಸಿ ಪಟ್ಟಣದೊಳಕ್ಕೆ ನೀರು ತಂದ ಸಂಗತಿ. ಆಮೇಲೆ 1880ರಲ್ಲಿ ಸುರಂಗದ ಗೋಡೆಯಲ್ಲಿ ಕಂಡುಬಂದ ಶಾಸನದ ಚಿತ್ರ. ಸುಮಾರು 533 ಮೀಟರ್ ಉದ್ದದ ಸುರಂಗವನ್ನು ಎರಡೂ ತುದಿಗಳಿಂದ ಕೊರೆಯುತ್ತ ಬಂದವರು ಆಚೆಯವರ ದನಿ ಕೇಳಿ, ಪಿಕಾಸಿಗೆ ಪಿಕಾಸಿ ತಾಗುವಂತೆ ಸಂಧಿಸಿದ ಕಥೆ ಅದರಲ್ಲಿದೆ. ಮಗಳು ಕೆಲವು ಅಕ್ಷರಗಳನ್ನು ಜೇಡಿಮಣ್ಣಿನ ಹಲಗೆಯ ಮೇಲೆ ಕೊರೆದಳು. ಮಗ ಮಾತ್ರ, "ಶಾಸನದಲ್ಲಿ ರಾಜನ ಹೆಸರೇ ಇಲ್ಲವಲ್ಲ!" ಎಂದ.

ನಿಜ, ಇಲ್ಲ. ಹಾಗಾದರೆ ಅದು ಹಿಜ್ಕೀಯನ ಕಾಲದ್ದೆಂದು ಹೇಗೆ ಹೇಳುತ್ತಾರೆ? ಲಿಪಿಯ ರೂಪ, ಗಾರೆಯೊಳಗೆ ಸಿಕ್ಕ ಸಸ್ಯದ ತುಣುಕುಗಳ ಕಾಲನಿರ್ಣಯ, ಬೈಬಲ್ಲಿನ ಮಾತು, ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆವು. ಇಡೀ ಪಾಠದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ್ದು ಇದೇ. ಕಲ್ಲು ಹೇಳದ್ದನ್ನು ಕಲ್ಲಿನ ಬಾಯಲ್ಲಿ ಹೇಳಿಸುವುದು ಸತ್ಯದ ದೇವರಿಗೆ ಗೌರವವಲ್ಲ. ಆದ್ದರಿಂದಲೇ ನೋಹನ ನಾವೆ ಸಿಕ್ಕಿತು ಎನ್ನುವ ವಿಡಿಯೊಗಳನ್ನು ಪಾಠದಿಂದ ಹೊರಗಿಟ್ಟಿದ್ದೇನೆ.

ಮುಂದಿನದು 1961ರಲ್ಲಿ ಇಸ್ರೇಲಿನ ಕರಾವಳಿಯ ಪ್ರಾಚೀನ ಪಟ್ಟಣ ಕೈಸರೈಯದಲ್ಲಿ ಸಿಕ್ಕ, ಯೇಸುವಿಗೆ ಮರಣದಂಡನೆ ವಿಧಿಸಿದ ರೋಮನ್ ಅಧಿಪತಿ ಪಿಲಾತನ ಹೆಸರುಳ್ಳ ಕಲ್ಲು. ರಂಗಮಂದಿರದ ಮೆಟ್ಟಿಲಾಗಿ ಮರುಬಳಕೆಯಾಗಿದ್ದ ಕಲ್ಲು ಅದು! ಉಳಿದಿರುವ ಅಕ್ಷರಗಳ ಸ್ಪಷ್ಟ ರೇಖಾಚಿತ್ರ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ.