ಕೇಳಿದ್ದನ್ನೆಲ್ಲ ಮಾಡಿಕೊಟ್ಟೆ, ದೂರು ಮಾತ್ರ ಹಾಗೇ ಇದೆ. ಎಲ್ಲಿ ಎಡವಿದೆ?

ಎರಡನೇ-ವರ್ಷದ-ಬಿಎ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಬಿಸಿನೆಸ್ ಅನಲಿಸ್ಟ್ (ಬಿಎ), ಅಂದರೆ ಕಂಪನಿಯವರಿಗೆ ಏನು ಬೇಕು ಅಂತ ತಿಳಿದು ಡೆವಲಪರ್‌ಗಳಿಗೆ ಬರೆದುಕೊಡುವ ಕೆಲಸಕ್ಕೆ ಸೇರಿ ಎರಡು ವರ್ಷ ಆಗುತ್ತಾ ಬಂತು. ಒಂದು ವಿಷಯ ತಲೆ ತಿನ್ನುತ್ತಿದೆ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಮ್ಮದು ಆನ್‌ಲೈನ್‌ನಲ್ಲಿ ಸಾಮಾನು ಮಾರುವ ಕಂಪನಿ. ಗ್ರಾಹಕರು ವಸ್ತು ವಾಪಸ್ ಕಳಿಸಿದರೆ ರೀಫಂಡ್ ಕೊಡಬೇಕು. "ರೀಫಂಡ್ ಇನ್ನೂ ಬಂದಿಲ್ಲ" ಅಂತ ತಿಂಗಳಿಗೆ ಮೂವತ್ತು ಚಿಲ್ಲರೆ ದೂರು ಬರುತ್ತವೆ. ಆಪರೇಷನ್ಸ್ ಮ್ಯಾನೇಜರ್ ನನ್ನನ್ನು ಕರೆದು ಹೇಳಿದರು: "ಟೀಮ್ ಲೀಡ್‌ಗಳು ಅಪ್ರೂವ್ ಮಾಡದೆ ಕೂತಿರ್ತಾರೆ. ರಿಮೈಂಡರ್ ಇಮೇಲ್ ಹೋಗೋ ಹಾಗೆ ಮಾಡಿಸಿ. ಯಾರ ಹತ್ತಿರ ಎಷ್ಟು ಬಾಕಿ ಇದೆ ಅಂತ ಒಂದು ಡ್ಯಾಶ್‌ಬೋರ್ಡೂ ಬೇಕು."

ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟ ಹಾಗೇ ನಡೆದುಕೊಂಡೆ. ಎಲ್ಲರನ್ನೂ ಒಂದು ರೂಮಿನಲ್ಲಿ ಕೂರಿಸಿ, ಮೂಲ ಕಾರಣ ಹುಡುಕಲು ಐದು ಸಲ "ಯಾಕೆ" ಕೇಳಲು ಹೊರಟೆ. ರೀಫಂಡ್ ಯಾಕೆ ತಡ? ಅಪ್ರೂವಲ್ ತಡ. ಅದು ಯಾಕೆ ತಡ? ಲೀಡ್‌ಗಳು ನೋಡಲ್ಲ. ಯಾಕೆ ನೋಡಲ್ಲ? ಬಂದಿರೋದೇ ಗೊತ್ತಾಗಲ್ಲ. ಮೂರನೇ ಯಾಕೆಗೇ ರಿಮೈಂಡರ್‌ಗೆ ಬಂದು ನಿಂತೆವು. ಏನೇನು ಕಟ್ಟಬೇಕು ಅಂತ ಹೇಳುವ 14 ಪುಟದ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಬರೆದೆ, ಸಹಿ ಆಯಿತು, ಆರು ವಾರದಲ್ಲಿ ಲೈವ್ ಕೂಡ ಆಯಿತು.

ಅಪ್ರೂವಲ್‌ಗೆ ಮೊದಲು ಸರಾಸರಿ 52 ಗಂಟೆ ಹಿಡಿಯುತ್ತಿತ್ತು. ಈಗ 5 ಗಂಟೆ. ಮೀಟಿಂಗ್‌ನಲ್ಲಿ ಚಪ್ಪಾಳೆ ಬಿತ್ತು. ಇದಾಗಿ ಮೂರು ತಿಂಗಳು. ಈ ಮೂರು ತಿಂಗಳಲ್ಲಿ ಬಂದ ದೂರು 94. ಅದಕ್ಕೂ ಹಿಂದಿನ ಮೂರು ತಿಂಗಳಲ್ಲಿ 97.

ಮ್ಯಾನೇಜರ್ ಈಗ "ರಿಮೈಂಡರ್ ದಿನಕ್ಕೆರಡು ಸಲ ಕಳಿಸೋಣ" ಅನ್ನುತ್ತಿದ್ದಾರೆ. ನನಗೇಕೋ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದೇವೆ ಅನ್ನಿಸುತ್ತಿದೆ. ಆದರೆ ಎತ್ತು ಎಲ್ಲಿದೆ ಅಂತ ಗೊತ್ತಾಗುತ್ತಿಲ್ಲ. ಇಂಥದ್ದನ್ನು ಬಿಡಿಸಿದವರು ಯಾರಾದರೂ ಇದ್ದರೆ ಎಲ್ಲಿಂದ ಶುರು ಮಾಡಬೇಕು ಅಂತ ಹೇಳಿ.

ಕೋಡ್-ಕುಟ್ಟಪ್ಪ:

ಡೆವಲಪರ್ ಕಡೆಯಿಂದ ಒಂದು ಮಾತು. "ರಿಮೈಂಡರ್ ಬೇಕು" ಅನ್ನುವಾಗಲೇ ಮ್ಯಾನೇಜರ್ ಮದ್ದು ಬರೆದಾಗಿತ್ತು. ನೀವು ಆ ಚೀಟಿಯನ್ನು ನಮ್ಮಂಥವರಿಗೆ ತಂದುಕೊಟ್ಟಿದ್ದೀರಿ. ನಾವು ಕಟ್ಟಿಕೊಟ್ಟು ಟಿಕೆಟ್ ಕ್ಲೋಸ್ ಮಾಡುತ್ತೇವೆ, ನಮಗೇನು. ಅಪ್ರೂವಲ್ ಆದ ಮೇಲೆ ದುಡ್ಡು ಹೇಗೆ ಹೋಗುತ್ತದೆ ಅಂತ ಆ 14 ಪುಟದಲ್ಲಿ ಎಲ್ಲಾದರೂ ಇದೆಯಾ?

ಎರಡನೇ-ವರ್ಷದ-ಬಿಎ:

ಇಲ್ಲ. "ಅಕೌಂಟ್ಸ್‌ಗೆ ಹೋಗುತ್ತದೆ" ಅಂತ ಒಂದು ಬಾಣದ ಗುರುತು ಇದೆ, ಅಷ್ಟೆ. ಅಕೌಂಟ್ಸ್‌ನವರನ್ನು ಆ ಮೀಟಿಂಗ್‌ಗೆ ಕರೆದೇ ಇರಲಿಲ್ಲ.

ಲೆಕ್ಕದಿಂದ-ಬಂದವಳು:

ಬಾಣದ ಗುರುತು ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಒಂಬತ್ತು ವರ್ಷ ನಾನು ಆ ಬಾಣದ ತುದಿಯಲ್ಲೇ ಕೂತಿದ್ದವಳು. ಅಕೌಂಟ್ಸ್‌ನಲ್ಲಿದ್ದು ಆಮೇಲೆ ಬಿಎ ಆದೆ. ಎಲ್ಲರ ಚಿತ್ರದಲ್ಲೂ ನಾವು ಒಂದು ಡಬ್ಬಿ. ಡಬ್ಬಿ ಒಳಗೆ ಏನು ನಡೆಯುತ್ತದೆ ಅಂತ ಆ ಒಂಬತ್ತು ವರ್ಷದಲ್ಲಿ ಒಬ್ಬ ಬಿಎ ಬಂದು ಕೇಳಿದ್ದಿಲ್ಲ.

ಮೊದಲು ಗಡಿಯಾರ ಯಾರದ್ದು ಅಂತ ನೋಡಿ. ನಿಮ್ಮ ಡ್ಯಾಶ್‌ಬೋರ್ಡಿನ ಗಡಿಯಾರ ಅಪ್ರೂವ್ ಬಟನ್ ಒತ್ತಿದಾಗ ನಿಲ್ಲುತ್ತದೆ. ಗ್ರಾಹಕರ ಗಡಿಯಾರ ಖಾತೆಗೆ ದುಡ್ಡು ಬಿದ್ದಾಗ ನಿಲ್ಲುತ್ತದೆ. ನೀವು 47 ಗಂಟೆ ಉಳಿಸಿದ್ದು ನಿಜ. ಆದರೆ ದೂರು ಕೊಡುವವರು ಎರಡು ದಿನ ತಡವಾಯಿತು ಅಂತ ಕೊಡುತ್ತಿದ್ದಾರಾ, ಎರಡು ವಾರ ತಡವಾಯಿತು ಅಂತಲಾ? 94 ದೂರನ್ನು ನೀವು ಎಣಿಸಿದ್ದೀರಿ. ಓದಿದ್ದೀರಾ?

ಆಮೇಲೆ ಆ ಸರಾಸರಿ. ಹತ್ತು ಜನರಲ್ಲಿ ಒಂಬತ್ತು ಜನರಿಗೆ 3 ದಿನ, ಒಬ್ಬರಿಗೆ 20 ದಿನ ಹಿಡಿದರೆ ಸರಾಸರಿ 4.7 ದಿನ. ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಆದರೆ 4.7 ದಿನ ಕಾದವರು ಆ ಹತ್ತರಲ್ಲಿ ಒಬ್ಬರೂ ಇಲ್ಲ. ಪ್ರತಿ ರೀಫಂಡ್‌ಗೂ ಕೊನೆಯವರೆಗೆ ಎಷ್ಟು ದಿನ ಹಿಡಿಯಿತು ಅಂತ ತೆಗೆಯಿರಿ. 1 ದಿನಕ್ಕೆ ಎಷ್ಟು, 2 ದಿನಕ್ಕೆ ಎಷ್ಟು ಅಂತ ಕಂಬ ಕಂಬವಾಗಿ ನಿಲ್ಲಿಸಿ ನೋಡಿ. ಒಂದೇ ಗುಡ್ಡ ಕಂಡರೆ ಎಲ್ಲರಿಗೂ ನಿಧಾನ. ಎರಡು ಗುಡ್ಡ ಕಂಡರೆ ಕೆಲವರ ದುಡ್ಡು ಬೇರೆ ದಾರಿಯಲ್ಲಿ ಸುತ್ತಿ ಬರುತ್ತಿದೆ ಅಂತ ಅನುಮಾನ ಪಡಿ. ಆ ಎರಡನೇ ಗುಡ್ಡದಲ್ಲಿರುವವರನ್ನು ಬೇರೆ ಮಾಡಿ, ಅವರೆಲ್ಲರಲ್ಲೂ ಇರುವ, ಬೇರೆಯವರಲ್ಲಿ ಇಲ್ಲದ ಸಂಗತಿ ಯಾವುದು ಅಂತ ಹುಡುಕಿ. ದುಡ್ಡು ಕೊಟ್ಟ ವಿಧಾನ, ಮೊತ್ತ, ವಾರದ ದಿನ, ಗೋದಾಮು, ಹೀಗೆ.

ಐದು ಯಾಕೆ ಬಗ್ಗೆಯೂ ಒಂದು ಮಾತು. ಅದು ಟೊಯೊಟಾ ಸಮೂಹದ ಮೂಲಪುರುಷ ಸಾಕಿಚಿ ಟೊಯೊಡಾ ಅವರಿಂದ ಬಂದದ್ದು. ಟೊಯೊಟಾ ಕಾರು ಕಂಪನಿಯಲ್ಲಿ ತಾಯಿಚಿ ಓನೋ ಅನ್ನುವ ಎಂಜಿನಿಯರ್ ಅದನ್ನು ದಿನದ ರೂಢಿ ಮಾಡಿದರು. ಓನೋ ಕೊಟ್ಟ ಉದಾಹರಣೆ ಹೀಗಿದೆ. ಯಂತ್ರ ನಿಂತಿತು, ಯಾಕೆ? ಲೋಡ್ ಜಾಸ್ತಿಯಾಗಿ ಫ್ಯೂಸ್ ಹೋಯಿತು. ಲೋಡ್ ಯಾಕೆ ಜಾಸ್ತಿ? ಬೇರಿಂಗ್‌ಗೆ ಎಣ್ಣೆ ಸಾಲದು. ಯಾಕೆ ಸಾಲದು? ಪಂಪ್ ಎಳೆಯುತ್ತಿಲ್ಲ. ಯಾಕೆ? ಶಾಫ್ಟ್ ಸವೆದಿದೆ. ಯಾಕೆ? ಜಾಲರಿ ಇಲ್ಲ, ಲೋಹದ ಚೂರು ಒಳಗೆ ಹೋಗಿದೆ. ಇಲ್ಲಿ ಪ್ರತಿ ಉತ್ತರವನ್ನೂ ಯಂತ್ರ ಬಿಚ್ಚಿ ನೋಡಿ ಖಾತ್ರಿ ಮಾಡಿಕೊಳ್ಳಬಹುದು. ಶಾಫ್ಟ್ ಸವೆದಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ನಿಮ್ಮ ಮೀಟಿಂಗ್‌ನ "ಲೀಡ್‌ಗಳು ನೋಡಲ್ಲ" ಅನ್ನುವ ಉತ್ತರವನ್ನು ಯಾರು ಬಿಚ್ಚಿ ನೋಡಿದರು? ರೂಮಿನಲ್ಲಿ ಕೂತು ಯಾಕೆ ಕೇಳಿದರೆ ಜೋರು ದನಿಯವರ ಅಭಿಪ್ರಾಯ ಸಿಗುತ್ತದೆ. ರೂಮಿನಲ್ಲಿ ಇಲ್ಲದವರ ತಪ್ಪೂ ಸಿಗುತ್ತದೆ, ಅದು ಬೇರೆ ಮಾತು.

ಹಾಗಾಗಿ ಇನ್ನೊಂದು ಮೀಟಿಂಗ್ ಇಡಬೇಡಿ. ಅಕೌಂಟ್ಸ್‌ನಲ್ಲಿ ರೀಫಂಡ್ ಕಳಿಸುವವರ ಪಕ್ಕ ಕುರ್ಚಿ ಎಳೆದುಕೊಂಡು ಅರ್ಧ ದಿನ ಕೂತುಕೊಳ್ಳಿ. "ಹೇಗೆ ಮಾಡ್ತೀರಿ" ಅಂತ ಕೇಳಿದರೆ ನಿಯಮದಲ್ಲಿ ಇರುವುದನ್ನು ಹೇಳುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ. ಸುಳ್ಳು ಹೇಳಬೇಕು ಅಂತಲ್ಲ, ಕೈಗೆ ರೂಢಿಯಾದದ್ದು ಬಾಯಿಗೆ ಬರುವುದಿಲ್ಲ. ಅದಕ್ಕೇ ಸುಮ್ನೆ ನೋಡಿ. ಮಾನಿಟರ್‌ಗೆ ಅಂಟಿಸಿದ ಚೀಟಿ, ಡೆಸ್ಕ್‌ಟಾಪ್ ಮೇಲಿನ "ಹೊಸದು ಫೈನಲ್ 2" ಅನ್ನುವ ಎಕ್ಸೆಲ್ ಫೈಲ್, ಇವನ್ನು ಬರೆದುಕೊಳ್ಳಿ. ಹೋಗುವಾಗ ಲ್ಯಾಪ್‌ಟಾಪ್ ಬೇಡ, ನೋಟ್‌ಬುಕ್ ಸಾಕು. ಲ್ಯಾಪ್‌ಟಾಪ್ ತೆರೆದರೆ ಆಡಿಟ್‌ನವರು ಬಂದರು ಅಂದುಕೊಂಡು ಬಾಯಿ ಮುಚ್ಚಿಬಿಡುತ್ತಾರೆ.

ಸ್ಪ್ರಿಂಟ್-ಸುಸ್ತು:

ಇಷ್ಟಕ್ಕೆಲ್ಲ ಟೈಮ್ ಎಲ್ಲಿದೆ ಮೇಡಂ? ನಮ್ಮಲ್ಲಿ ಎರಡು ವಾರಕ್ಕೊಂದು ಸ್ಪ್ರಿಂಟ್, ಅಷ್ಟರಲ್ಲಿ ಒಪ್ಪಿಕೊಂಡ ಕೆಲಸ ಮುಗಿಸಬೇಕು. ಮ್ಯಾನೇಜರ್ ಹೇಳಿದ್ದನ್ನು ಬರೆದುಕೊಡದೆ ಅಕೌಂಟ್ಸ್‌ನಲ್ಲಿ ಹೋಗಿ ಕೂತರೆ "ನಿಧಾನ, ಮಾತು ಜಾಸ್ತಿ" ಅಂತ ರಿವ್ಯೂನಲ್ಲಿ ಬರುತ್ತದೆ.

ಲೆಕ್ಕದಿಂದ-ಬಂದವಳು:

ನಾನು ಕೇಳಿದ್ದು ಅರ್ಧ ದಿನ ಸರ್. ಇವರು ಆಗಲೇ ಆರು ವಾರ ಕಳೆದಿದ್ದಾರೆ. ಮ್ಯಾನೇಜರ್‌ಗೆ "ಆಗಲ್ಲ" ಅನ್ನಬೇಕಿಲ್ಲ. "ಇದು ಲೈವ್ ಆದ ಮೇಲೆ ಯಾವ ಸಂಖ್ಯೆ ಎಷ್ಟಕ್ಕೆ ಇಳಿಯಬೇಕು?" ಅಂತ ಕೇಳಿ, ಸಾಕು. "ದೂರು ಅರ್ಧ ಆಗಬೇಕು" ಅಂದರೆ "ಹಾಗಾದರೆ ದೂರುಗಳನ್ನು ಒಮ್ಮೆ ಓದಿಕೊಂಡು ಬರ್ತೀನಿ" ಅನ್ನಬಹುದು. ಅದಕ್ಕೆ ಬೇಡ ಅಂದವರನ್ನು ನಾನಂತೂ ನೋಡಿಲ್ಲ. ನಿಮ್ಮ ಮ್ಯಾನೇಜರ್ ಬೇರೆ ಥರ ಇದ್ದರೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಎರಡನೇ-ವರ್ಷದ-ಬಿಎ (ಒಂಬತ್ತು ದಿನ ಬಿಟ್ಟು):

ಎತ್ತು ಸಿಕ್ಕಿತು!

ಮೂರು ತಿಂಗಳ 1,140 ರೀಫಂಡ್‌ಗೂ ದುಡ್ಡು ತಲುಪಿದ ದಿನಾಂಕವನ್ನು ಅಕೌಂಟ್ಸ್‌ನಿಂದ ತೆಗೆದುಕೊಂಡೆ. ಸರಾಸರಿ 4.3 ದಿನ. ಕಂಬ ನಿಲ್ಲಿಸಿದರೆ ಎರಡು ಗುಡ್ಡ. ಒಂದು 2ರಿಂದ 4 ದಿನದಲ್ಲಿ, ಎತ್ತರವಾಗಿ. ಇನ್ನೊಂದು 12ರಿಂದ 26 ದಿನದವರೆಗೆ ಚಪ್ಪಟೆಯಾಗಿ, ಅದರಲ್ಲಿ 96 ರೀಫಂಡ್. ಕಾರ್ಡ್‌ಗೆ ವಾಪಸ್ ಹೋದ 800ರಲ್ಲಿ ಒಂದೂ ಅಲ್ಲಿಲ್ಲ. 96ಕ್ಕೆ 96 ಬ್ಯಾಂಕ್ ಖಾತೆಗೆ ಹೋಗುವಂಥವು. ದೂರುಗಳನ್ನೂ ಓದಿದೆ. 94ರಲ್ಲಿ 71 ದೂರು ಈ ಗುಂಪಿನವರದ್ದೇ.

ಆಮೇಲೆ ನೋಟ್‌ಬುಕ್ ಹಿಡಿದು ಅಕೌಂಟ್ಸ್‌ನಲ್ಲಿ ರೀಫಂಡ್ ಕಳಿಸುವ ಮೇಡಂ ಪಕ್ಕ ಹೋಗಿ ಕೂತೆ. ಮೊದಲ ಒಂದು ಗಂಟೆ ಏನೂ ಕಾಣಲಿಲ್ಲ. ಅಪ್ರೂವ್ ಆದ ಪಟ್ಟಿ ಸಿಎಸ್‌ವಿ ಫೈಲಾಗಿ (ಅಲ್ಪವಿರಾಮ ಹಾಕಿ ಬೇರೆ ಮಾಡಿದ ಬರೀ ಟೆಕ್ಸ್ಟ್) ಬರುತ್ತದೆ. ಆ ಮೇಡಂ ಡಬಲ್ ಕ್ಲಿಕ್ ಮಾಡುತ್ತಾರೆ, ಎಕ್ಸೆಲ್ ತೆರೆದುಕೊಳ್ಳುತ್ತದೆ, ಕಣ್ಣಾಡಿಸಿ ಸೇವ್ ಮಾಡಿ ಬ್ಯಾಂಕಿನ ಪೋರ್ಟಲ್‌ಗೆ ಹಾಕುತ್ತಾರೆ. ಎರಡನೇ ಫೈಲ್ ತೆರೆದಾಗ ಕಣ್ಣಿಗೆ ಬಿತ್ತು. ಕಾಲಂನಲ್ಲಿ ಕೆಲವು ಖಾತೆ ಸಂಖ್ಯೆ ಗಿಡ್ಡ ಇದ್ದವು. ಸೊನ್ನೆಯಿಂದ ಶುರುವಾಗುವ ಸಂಖ್ಯೆಗಳ ಮುಂದಿನ ಸೊನ್ನೆಯನ್ನು ಎಕ್ಸೆಲ್ ಉದುರಿಸಿಬಿಟ್ಟಿತ್ತು.

ಬ್ಯಾಂಕ್ ಅವನ್ನು ವಾಪಸ್ ಕಳಿಸುತ್ತದೆ. ವಾಪಸ್ ಬಂದ ಪಟ್ಟಿಯನ್ನು ಅವರು ಎರಡು ವಾರಕ್ಕೊಮ್ಮೆ, ಶುಕ್ರವಾರ ನೋಡುತ್ತಾರೆ. ಕಸ್ಟಮರ್ ಕೇರ್‌ನವರಿಂದ ಖಾತೆ ಸಂಖ್ಯೆ ಮತ್ತೆ ತರಿಸಿಕೊಂಡು ಪೋರ್ಟಲ್‌ನಲ್ಲಿ ಕೈಯಾರೆ ಟೈಪ್ ಮಾಡುತ್ತಾರೆ. ಆಗ ಹೋಗುತ್ತದೆ. "ಗ್ರಾಹಕರು ಮೊದಲ ಸಲ ತಪ್ಪು ನಂಬರ್ ಕೊಡ್ತಾರೆ, ಏನ್ ಮಾಡೋದು" ಅಂದರು. 96ರಲ್ಲಿ 88 ಸೊನ್ನೆಯಿಂದ ಶುರುವಾಗುವ ಖಾತೆಗಳು. ಇಷ್ಟು ದಿನವೂ ನಮ್ಮ ಸಿಸ್ಟಂನಲ್ಲಿ ಅವು "ಅಪ್ರೂವ್ಡ್", ಹಸಿರು ಬಣ್ಣದಲ್ಲಿ. ನನ್ನ ಡ್ಯಾಶ್‌ಬೋರ್ಡೇ ಅದು!

ಎಕ್ಸೆಲ್ ಹಂತವನ್ನೇ ತೆಗೆದು ಫೈಲ್ ನೇರವಾಗಿ ಬ್ಯಾಂಕಿಗೆ ಹೋಗುವ ಹಾಗೆ ನಾಳೆಯೇ ಬರೆದುಕೊಡುತ್ತಿದ್ದೇನೆ.

ಲೆಕ್ಕದಿಂದ-ಬಂದವಳು:

ಭೇಷ್. ಆದರೆ ಒಂದು ನಿಮಿಷ ನಿಲ್ಲಿ. "ಕಣ್ಣಾಡಿಸಿ" ಅಂದಿರಲ್ಲ, ಅವರು ಏನನ್ನು ನೋಡುತ್ತಾರೆ? ಅಕೌಂಟ್ಸ್‌ನಲ್ಲಿ ಯಾರೂ ಸುಮ್ನೆ ಫೈಲ್ ತೆರೆಯುವುದಿಲ್ಲ.

ನಾನು ಒಮ್ಮೆ ಇದರಲ್ಲೇ ಬಿದ್ದೆ. ಸಪ್ಲೈಯರ್ ಬಿಲ್ ಪ್ರಿಂಟ್ ತೆಗೆದು ಸಹಿ ಹಾಕಿಸುವ ಹಂತ ದಂಡ ಅಂತ ತೆಗೆಸಿದೆ. ಆ ಪ್ರಿಂಟ್ ಕೈಯಲ್ಲಿ ಹಿಡಿದುಕೊಂಡೇ ಗೋದಾಮಿನ ಹುಡುಗ ಬಂದ ಸಾಮಾನು ಎಣಿಸುತ್ತಿದ್ದ. ಅದು ಕೆಲಸದ ಹಂತಗಳನ್ನು ತೋರಿಸುವ ಯಾವ ಪ್ರೊಸೆಸ್ ಮ್ಯಾಪ್‌ನಲ್ಲೂ ಇರಲಿಲ್ಲ. ಎರಡು ತಿಂಗಳು ಬಾರದ ಸಾಮಾನಿಗೂ ದುಡ್ಡು ಕೊಟ್ಟೆವು. ಅಕೌಂಟ್ಸ್‌ನಿಂದ ಬಂದ ನಾನೇ ಹೀಗೆ ಮಾಡಿದ್ದು, ಬೈಸಿಕೊಂಡದ್ದೂ ಚೆನ್ನಾಗಿಯೇ ಬೈಸಿಕೊಂಡೆ. ನಾಳೆ ಬರೆಯುವ ಮೊದಲು ಹೋಗಿ ಕೇಳಿ.

ಕೋಡ್-ಕುಟ್ಟಪ್ಪ:

ಎಕ್ಸೆಲ್ ಅಂದರೆ ಹೀಗೇ. ಮನುಷ್ಯರ ಜೀನ್‌ಗಳ ಹೆಸರುಗಳನ್ನು ಅದು ತಾರೀಖು ಅಂದುಕೊಂಡು ಬದಲಿಸುತ್ತಿತ್ತು. ಕೊನೆಗೆ ಹೆಸರಿಡುವ ಸಮಿತಿಯವರೇ ಸೋತು 2020ರ ಹೊತ್ತಿಗೆ ಹೆಸರುಗಳನ್ನೇ ಬದಲಿಸಿದರು. ಮಾರ್ಚ್1 ಈಗ ಮಾರ್ಚ್‌ಎಫ್1, ಸೆಪ್ಟ್1 ಈಗ ಸೆಪ್ಟಿನ್1.

ಸದ್ಯಕ್ಕೆ ಅವರಿಗೆ ಡಬಲ್ ಕ್ಲಿಕ್ ಬೇಡ ಅನ್ನಿ. ಡೇಟಾ ಮೆನುವಿನಿಂದ ಫೈಲ್ ಒಳಗೆ ತಂದು ಖಾತೆ ಸಂಖ್ಯೆಯ ಕಾಲಂ ಅನ್ನು ಟೆಕ್ಸ್ಟ್ ಮಾಡಿದರೆ ಸೊನ್ನೆ ಉಳಿಯುತ್ತದೆ. ಹೊಸ ಎಕ್ಸೆಲ್‌ನಲ್ಲಿ ಸೊನ್ನೆ ಉದುರಿಸುವುದನ್ನು ಆಪ್ಷನ್ಸ್‌ನಲ್ಲೇ ನಿಲ್ಲಿಸಬಹುದು. ಇನ್ನೊಂದನ್ನೂ ನೋಡಿ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಸರಿಯಾಗಿ ಇಟ್ಟುಕೊಳ್ಳುತ್ತದೆ, 16ನೆಯದರಿಂದ ಮುಂದೆ ಎಲ್ಲ ಸೊನ್ನೆ. ಅಷ್ಟು ಉದ್ದದ ಖಾತೆ ಸಂಖ್ಯೆ ನಿಮ್ಮಲ್ಲಿ ಇದ್ದರೆ ಅದು ಇದಕ್ಕಿಂತ ಕೆಟ್ಟದ್ದು. ಗಿಡ್ಡ ಸಂಖ್ಯೆಯನ್ನು ಬ್ಯಾಂಕ್ ತಿರುಗಿಸಿ ಕಳಿಸಿತು. ಉದ್ದ ಸರಿ ಇದ್ದು ಕೊನೆಯ ಅಂಕಿ ಬದಲಾದರೆ ದುಡ್ಡು ಬೇರೆಯವರಿಗೆ ಹೋಗಲೂಬಹುದು.

ಎರಡನೇ-ವರ್ಷದ-ಬಿಎ:

ಉದ್ದದ ಸಂಖ್ಯೆ ಹುಡುಕಿದೆ, ಒಂದೂ ಇಲ್ಲ. ಬದುಕಿದೆ.

ಮೇಡಂ, ಕೇಳಲು ಹೋದದ್ದು ಒಳ್ಳೆಯದಾಯಿತು. ಅವರು ಫೈಲನ್ನು ಹೆಸರು ಮತ್ತು ಮೊತ್ತದ ಪ್ರಕಾರ ಜೋಡಿಸಿ ಒಂದೇ ರೀಫಂಡ್ ಎರಡು ಸಲ ಬಂದಿದೆಯಾ ಅಂತ ನೋಡುತ್ತಾರೆ. ಎರಡು ವರ್ಷದ ಹಿಂದೆ ಹಾಗೆ ಎರಡು ಸಲ ದುಡ್ಡು ಹೋಗಿತ್ತಂತೆ. ಅವತ್ತಿನಿಂದ ಯಾರೂ ಹೇಳದೆಯೇ ನೋಡುತ್ತಿದ್ದಾರೆ. ಕಳೆದ ತಿಂಗಳು ಮೂರು ಹಿಡಿದಿದ್ದಾರೆ. ಅವತ್ತು ಹೇಳಿದ ಹಾಗೆ ಮರುದಿನವೇ ಬರೆದುಕೊಟ್ಟಿದ್ದರೆ ಇನ್ನು ಮುಂದೆ ಅಂಥವು ಯಾರ ಕಣ್ಣಿಗೂ ಬೀಳದೆ ಹೋಗುತ್ತಿದ್ದವು.

ಈಗಿನ ಡಾಕ್ಯುಮೆಂಟ್ ಎರಡೂವರೆ ಪುಟ. ಡಬಲ್ ಇದೆಯಾ ಅಂತ ಸಿಸ್ಟಂ ನೋಡಬೇಕು, ಅನುಮಾನ ಬಂದದ್ದನ್ನು ಅವರಿಗೆ ತೋರಿಸಬೇಕು. ಆಮೇಲೆ ಫೈಲ್ ಕೈ ತಾಗದೆ ಬ್ಯಾಂಕಿಗೆ ಹೋಗಬೇಕು. "ಬ್ಯಾಂಕ್ ವಾಪಸ್ ಕಳಿಸಿದೆ" ಅಂತ ಹೊಸ ಸ್ಟೇಟಸ್ ಬೇಕು, ಡ್ಯಾಶ್‌ಬೋರ್ಡಿನ ಗಡಿಯಾರ ದುಡ್ಡು ತಲುಪಿದಾಗಲೇ ನಿಲ್ಲಬೇಕು. ಮ್ಯಾನೇಜರ್‌ಗೆ ಎರಡು ಗುಡ್ಡದ ಚಿತ್ರ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ "ಹಾಗಾದರೆ ಲೀಡ್‌ಗಳಿಗೆ ನಾನು ಅಷ್ಟು ಬೈದದ್ದು?" ಅಂದರು. ನಾನು ಏನೂ ಹೇಳಲಿಲ್ಲ.

ಸ್ಪ್ರಿಂಟ್-ಸುಸ್ತು:

96ರಲ್ಲಿ 88 ಆಯಿತು. ಉಳಿದ 8?

ಎರಡನೇ-ವರ್ಷದ-ಬಿಎ:

ಐದು ನಿಜವಾಗಿಯೂ ಗ್ರಾಹಕರೇ ತಪ್ಪು ಟೈಪ್ ಮಾಡಿದ್ದು. ಇನ್ನು ಮೂರು ಯಾಕೆ ಅಂತ ಗೊತ್ತಾಗಿಲ್ಲ. ಶುಕ್ರವಾರ ಮತ್ತೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ.