ದೇಶ ಏಳು ಕಿಲೋ, ಕೋಶ ಹನ್ನೊಂದು

ನಾಳೆ ಬೆಳಗ್ಗೆ ನನ್ನ ಪ್ರಯಾಣ. ಬೀಳ್ಕೊಡುವ ನೆಪದಲ್ಲಿ ಸುಬ್ಬು, ವನಜಾ, ರಾಗು ಮೂವರೂ ಸಂಜೆಯೇ ಬಂದು ಮಂಚದ ಮೇಲೆ ಕೂತರು. ಕೂರುವ ಮೊದಲು ಅಲ್ಲಿದ್ದ ಪುಸ್ತಕಗಳನ್ನು ನೆಲಕ್ಕಿಳಿಸಬೇಕಾಯಿತು. ನೆಲದಲ್ಲಿದ್ದವನ್ನು ಎಲ್ಲಿಗೆ ಇಳಿಸುವುದು? ಅವು ಅಲ್ಲೇ ಇದ್ದವು.

“ಎಷ್ಟು ದಿನ ಹೋಗುವುದು?” ವನಜಾ ಕೇಳಿದಳು.

“ಆರು ದಿನ.”

“ಪುಸ್ತಕ ಎಷ್ಟು?”

“ಹನ್ನೆರಡು.”

“ಬಟ್ಟೆ?”

ಆ ಪ್ರಶ್ನೆ ನನಗೆ ಕೇಳಿಸಲಿಲ್ಲ.

“ಪಾಸ್‌ಪೋರ್ಟ್ ಆದರೂ ಇಟ್ಟುಕೊಂಡಿದ್ದೀಯಾ?”

“ಭದ್ರವಾಗಿದೆ” ಅಂದೆ. ಅದು ನಿಜವೇ. ಮೂಲೆ ಮುದುಡದ ಹಾಗೆ, ಬಹಳ ಜಾಗ್ರತೆಯಿಂದ ಇಟ್ಟಿದ್ದೆ.

ರಾಗು ಬಾಗಿಲ ಸಂದಿಯಲ್ಲಿದ್ದ ತೂಕದ ಯಂತ್ರ ಎಳೆದು ತಂದು ಅದರ ಮೇಲೆ ನನ್ನ ಚೀಲ ಇಟ್ಟ. 11 ಕಿಲೋ. ಎಷ್ಟೋ ವಿಮಾನಗಳಲ್ಲಿ ಕೈಚೀಲಕ್ಕೆ 7 ಕಿಲೋ ಅಷ್ಟೇ ಮಿತಿ, ನನ್ನದರಲ್ಲೂ ಹಾಗೇ. “ಯಂತ್ರ ಹಳೆಯದು, ಸುಮ್ನೆ ಜಾಸ್ತಿ ತೋರಿಸುತ್ತೆ” ಅಂದೆ. ಅವನು ನಂಬದೆ ತಾನೇ ಹತ್ತಿ ನಿಂತ. ಮುಳ್ಳು ನೋಡಿ ಮೆಲ್ಲಗೆ ಇಳಿದ. “ಹೌದು ಕಣೋ, ಯಂತ್ರ ಸರಿಯಿಲ್ಲ” ಅಂದ.

ಸುಬ್ಬು ಸ್ವಲ್ಪ ಕಾಲ ಪ್ರೆಸ್ಸಿನಲ್ಲಿ ಕೆಲಸ ಮಾಡಿದವನು. ಪುಸ್ತಕ ಕಂಡರೆ ಕಥೆ ಏನು ಅಂತ ಕೇಳುವವನಲ್ಲ, ಕಾಗದ ಯಾವುದು ಅಂತ ಮುಟ್ಟಿ ನೋಡುವವನು. “80 ಜಿಎಸ್‌ಎಂ ಕಾಗದ ಅಂದರೆ ಚದರ ಮೀಟರಿಗೆ 80 ಗ್ರಾಂ. 1/8 ಡೆಮಿ ಅಳತೆ, 300 ಪುಟ, ಅಂದರೆ 150 ಹಾಳೆ. ಹತ್ತಿರ ಹತ್ತಿರ 350 ಗ್ರಾಂ ಆಯಿತು. ರಕ್ಷಾಪುಟ, ಅಂಟು ಎಲ್ಲ ಸೇರಿ 400 ಇಟ್ಟುಕೋ. ಹನ್ನೆರಡಕ್ಕೆ 4.8 ಕಿಲೋ! ನೀನು ಊರು ನೋಡಲು ಹೊರಟಿದ್ದೀಯೋ, ಅಂಗಡಿ ಇಡಲು ಹೊರಟಿದ್ದೀಯೋ?”

“ಹ್ಯೂಯೆನ್ ತ್ಸಾಂಗ್‌ನನ್ನು ಯಾರಾದರೂ ಹೀಗೆ ಕೇಳಿದ್ದರಾ?” ಅಂದೆ. “ಭಾರತದಿಂದ 645ರಲ್ಲಿ ಚೀನಾಕ್ಕೆ ಮರಳಿದಾಗ ಅವನ ಹತ್ತಿರ 657 ಗ್ರಂಥ ಇದ್ದವು. ಅದೂ ದಾರಿಯಲ್ಲಿ ಒಂದಷ್ಟು ಕಳೆದುಕೊಂಡ ಮೇಲೆ. ಸಿಂಧೂ ನದಿ ದಾಟುವಾಗ ಅವನು ಆನೆ ಮೇಲೆ, ಗ್ರಂಥ ದೋಣಿಯಲ್ಲಿ. ಗಾಳಿ ಎದ್ದು ಸುಮಾರು 50 ಹಸ್ತಪ್ರತಿ ನೀರುಪಾಲು.”

“ಅವನ ಗ್ರಂಥ ಹೊರಲು 20 ಕುದುರೆ ಇದ್ದವಪ್ಪ” ಅಂದ ರಾಗು. “ನಿನಗೆ ಇರುವುದು ಒಂದು ಚಕ್ರ ಕಿತ್ತುಹೋದ ಚೀಲ. ಇನ್ನೊಂದು, ನಾನು. ಪ್ರತಿ ಸಲ ಹೊರುವವನು ನಾನೇ ಅಲ್ವಾ?”

ವನಜಾ ಬಿಡಲಿಲ್ಲ. “ಒಂದೊಂದಾಗಿ ತೆಗೆದು ಹೇಳು. ಯಾವುದು ಯಾಕೆ?”

ಹೇಳಿದೆ. ಒಂದು, ಕಾಯುವಾಗ ಓದಲು. ಒಂದು, ನಿದ್ದೆ ಬರಲಿ ಅಂತ. ಒಂದು, ನಿದ್ದೆ ಬಾರದಿದ್ದರೆ. ಒಂದು ಮಳೆ ಬಂದರೆ. ಎರಡು, ಮೊದಲಿನವು ಚೆನ್ನಾಗಿಲ್ಲದೆ ಹೋದರೆ ಇರಲಿ ಅಂತ. ಒಂದು ದಪ್ಪನೆಯದು, ನಾಲ್ಕು ವರ್ಷದಿಂದ ನನ್ನ ಜೊತೆ ಎಲ್ಲ ಕಡೆ ಬಂದಿದೆ, 38ನೇ ಪುಟ ದಾಟಿಲ್ಲ. ನನಗಿಂತ ಅದೇ ಹೆಚ್ಚು ದೇಶ ಸುತ್ತಿದೆ ಅನ್ನಬೇಕು. ಈಗ ಬಿಟ್ಟು ಹೋದರೆ ಬೇಜಾರು ಮಾಡಿಕೊಳ್ಳುತ್ತೆ.

“ಮತ್ತೆ, ಅಲ್ಲಿ ಹೋಗಿ ಹೊಸದು ಕೊಳ್ಳುವುದಿಲ್ಲ ತಾನೇ?”

“ಛೆ, ಇಲ್ಲಪ್ಪ. ಎರಡೇ ಎರಡು.”

“ಇಷ್ಟೆಲ್ಲ ಯಾಕೆ? ಒಂದು ಇ-ರೀಡರ್ ತಗೋ. ಒಂದು ಪುಸ್ತಕದ ತೂಕವೂ ಇರಲ್ಲ, ಸಾವಿರ ಪುಸ್ತಕ ಹಿಡಿಯುತ್ತೆ. ಆ ಪರದೆಗೆ ಪುಟ ತಿರುವಿದಾಗ ಮಾತ್ರ ಕರೆಂಟು ಬೇಕು. ಚಾರ್ಜು ವಾರಗಟ್ಟಲೆ ಬರುತ್ತೆ” ಅಂದಳು.

ಅದಕ್ಕೆ ನನ್ನ ಹತ್ತಿರ ಬಹಳ ಉತ್ತರ ಇದ್ದವು. ಕಾಗದದ ವಾಸನೆ, ಹಾಳೆ ಮಡಚುವ ಸುಖ, ಹೀಗೆ. ಸುಬ್ಬು ಅದಕ್ಕೆಲ್ಲ ಅವಕಾಶ ಕೊಡಲಿಲ್ಲ. “ಅದರಲ್ಲಿ ಓದಿದರೆ, ಇವನು ಏನು ಓದುತ್ತಿದ್ದಾನೆ ಅಂತ ಎದುರು ಸೀಟಿನವರಿಗೆ ಗೊತ್ತಾಗಲ್ಲ. ಇವನ ಕಷ್ಟ ಅದು!” ಅಂದ. ಇಷ್ಟು ವರ್ಷದ ಸ್ನೇಹಿತರು ಇರಬಾರದು.

ಆಗ ರಾಗುವಿಗೆ ಹಳೆಯ ಗಾಯ ನೆನಪಾಯಿತು. ನಾವಿಬ್ಬರೂ ಒಮ್ಮೆ ಘಟ್ಟದ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗಿದ್ದೆವು. ಓಡಿ ಹೋಗಿ ಕಿಟಕಿ ಸೀಟು ಹಿಡಿದವನು ನಾನು. ಐದು ಗಂಟೆ ತಲೆ ಎತ್ತಲಿಲ್ಲವಂತೆ. ಹೊರಗೆ ಜಲಪಾತ ಬಂತಂತೆ, ಕಾಡು ಬಂತಂತೆ, ಇವನು ನನ್ನ ಭುಜದ ಮೇಲಿಂದ ಕತ್ತು ಚಾಚಿ ಚಾಚಿ ನೋಡಿದನಂತೆ. “ಕಿಟಕಿ ಸೀಟಿನಲ್ಲಿ ಪುಸ್ತಕ ಓದುವವರಿಗೆ ದಂಡ ಹಾಕಬೇಕು” ಅಂದ. ಸುಮ್ಮನಿರಲಾರದೆ ಅವನೂ ಒಂದು ಪುಸ್ತಕ ತೆರೆದ. ಮೂರನೇ ತಿರುವಿಗೆ ಮುಖ ಹಸಿರಾಯಿತು. ಬಸ್ಸು ಓಲಾಡುವುದು ಒಳಗಿವಿಗೆ ತಿಳಿಯುತ್ತೆ. ಪುಟ ನೋಡುವ ಕಣ್ಣು ಮಾತ್ರ, ಏನೂ ಅಲ್ಲಾಡುತ್ತಿಲ್ಲ ಅನ್ನುತ್ತೆ. ಇವೆರಡರ ಜಗಳದಲ್ಲಿ ಹೊಟ್ಟೆಗೆ ಏಟು. ದೂರದ ದಿಗಂತ ನೋಡಿದರೆ ಸರಿಹೋಗುತ್ತೆ ಅಂತ ಆಗಲೇ ಅವನಿಗೆ ಹೇಳಿದ್ದೆ.

“ದಿಗಂತ ನಿನ್ನ ಕಡೆ ಇತ್ತು ಕಣೋ!” ಅಂದ ರಾಗು. ಆ ಸಿಟ್ಟು ಇನ್ನೂ ಆರಿಲ್ಲ.

“ಅದು ಬಿಡು, ಬೆಟ್ಟದ ಕಥೆ?” ಅಂದಳು ವನಜಾ. “ಮೂರು ಗಂಟೆ ಏದುಸಿರು ಬಿಟ್ಟು ಹತ್ತಿದೆವು. ತುದಿಗೆ ಹೋದೊಡನೆ ಇವನು ಬಂಡೆಗೆ ಒರಗಿ ಪುಸ್ತಕ ತೆಗೆದ.”

“ಪೆಟ್ರಾರ್ಕ್‌ನೂ ತೆಗೆದಿದ್ದ” ಅಂದೆ. ನನ್ನ ಪಕ್ಷದಲ್ಲಿ ಒಬ್ಬ ಇಟಲಿಯ ಕವಿಯಾದರೂ ಇದ್ದಾನಲ್ಲ. 1336ರಲ್ಲಿ ತಮ್ಮನ ಜೊತೆ ಫ್ರಾನ್ಸಿನ ವಾಂಟೂ ಬೆಟ್ಟ ಹತ್ತಿದವನು, ತುದಿಯಲ್ಲಿ ಜೇಬಿನಿಂದ ಅಂಗೈಯಗಲದ ಪುಸ್ತಕ ತೆಗೆದು ಓದಿದ. ಸಂತ ಅಗಸ್ಟೀನ್ ಬರೆದದ್ದು.

“ತೆರೆದ ಪುಟದಲ್ಲಿ ಏನಿತ್ತು, ಅದನ್ನೂ ಹೇಳು” ಅಂದ ಸುಬ್ಬು. ಈ ಮನುಷ್ಯನಿಗೆ ಯಾವಾಗ ಯಾವುದು ಗೊತ್ತಿರುತ್ತೋ ಹೇಳಲಾಗದು. ಜನ ಬೆಟ್ಟ, ಸಮುದ್ರ, ನಕ್ಷತ್ರ ನೋಡಿ ಬೆರಗಾಗುತ್ತಾರೆ, ತಮ್ಮನ್ನು ತಾವು ನೋಡಿಕೊಳ್ಳುವುದಿಲ್ಲ ಅಂತ ಇತ್ತು. ಪೆಟ್ರಾರ್ಕ್‌ಗೆ ತನ್ನ ಮೇಲೇ ಕೋಪ ಬಂದು, ಕೆಳಗಿಳಿಯುವ ತನಕ ಒಂದು ಮಾತೂ ಆಡಲಿಲ್ಲ.

“ನೋಡು, ಅವನು ಬಾಯಿ ಮುಚ್ಚಿಕೊಂಡು ಇಳಿದ. ನೀನು ಇಳಿಯುವಾಗ ದಾರಿಯುದ್ದಕ್ಕೂ ಓದಿದ್ದನ್ನು ನಮಗೆ ಹೇಳಿದೆ” ಅಂದ ರಾಗು.

ವನಜಾ ತೀರ್ಪು ಕೊಟ್ಟೇಬಿಟ್ಟಳು. “ಮನೆಯಲ್ಲಿದ್ದರೆ ಊರೂರು ಸುತ್ತಿದವರ ಕಥೆ ಓದುತ್ತೀಯ. ಊರು ಸುತ್ತಲು ಹೋದರೆ ಮನೆಯಲ್ಲಿರುವ ಹಾಗೆ ಓದುತ್ತಾ ಕೂರುತ್ತೀಯ. ದೇಶ ಸುತ್ತು, ಇಲ್ಲವೇ ಕೋಶ ಓದು ಅಂದರು ಹಿರಿಯರು. ‘ಇಲ್ಲವೇ’ ಅಂತ ಅಲ್ಲಿ ಸ್ಪಷ್ಟವಾಗಿದೆ. ಎರಡನ್ನೂ ಒಂದೇ ಚೀಲಕ್ಕೆ ತುರುಕು ಅಂತ ಯಾರು ಹೇಳಿದ್ದು?”

ನಾನು ಬಾಯಿ ತೆರೆಯುವಷ್ಟರಲ್ಲಿ ಮೂವರೂ ಚೀಲಕ್ಕೆ ಕೈ ಹಾಕಿದ್ದರು. ಭಾರ ಇಳಿಸಿ ಉಪಕಾರ ಮಾಡುತ್ತಾರಂತೆ. ತಲೆಗೆ ಮೂರರಂತೆ ಒಂಬತ್ತು ಪುಸ್ತಕ ಹೊರಬಂದವು. ಓದಿ ವಾಪಸ್ ಕೊಡುತ್ತೇವೆ ಅಂದರು. ಹಳೆಯ ಅಲೆಕ್ಸಾಂಡ್ರಿಯಾದಲ್ಲೂ ಹೀಗೇ ನಡೆಯುತ್ತಿತ್ತಂತೆ. ಬಂದರಿಗೆ ಬಂದ ಹಡಗುಗಳಲ್ಲಿದ್ದ ಪುಸ್ತಕಗಳನ್ನು ಗ್ರಂಥಾಲಯಕ್ಕೆ ವಶಪಡಿಸಿಕೊಂಡು, ನಕಲು ಮಾಡಿಸಿ, ಮೂಲವನ್ನು ತಾವೇ ಇಟ್ಟುಕೊಂಡು ನಕಲನ್ನು ಹಿಂದಿರುಗಿಸುತ್ತಿದ್ದರು. ಅವರೇ ವಾಸಿ. ಸುಬ್ಬುವಿನಿಂದ ನನಗೆ ಇದುವರೆಗೆ ನಕಲೂ ಬಂದಿಲ್ಲ.

ಮತ್ತೆ ತೂಗಿದೆವು. 7.4 ಕಿಲೋ. ಒಂದು ಪುಸ್ತಕ ತೆಗೆದು ನಾಳೆ ತೊಡುವ ಕೋಟಿನ ಜೇಬಿಗೆ ಇಳಿಸಿದೆ. ಸರಿಯಾಗಿ 7. ಎಲ್ಲರೂ ಚಪ್ಪಾಳೆ ತಟ್ಟಿ, ಶುಭ ಹಾರೈಸಿ, ನನ್ನ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೋದರು.

ರಾತ್ರಿ ಹನ್ನೊಂದಕ್ಕೆ ಎಲ್ಲ ಸರಿಯಿದೆಯಾ ಅಂತ ಕೊನೆಯ ಸಲ ನೋಡುತ್ತಿದ್ದೆ. ಎದೆ ಧಸಕ್ಕೆಂದಿತು. ಪುಟ ಗುರುತಿಗೆ ಕೈಗೆ ಸಿಕ್ಕಿದ್ದನ್ನು ಇಡುವ ಚಾಳಿ ನನ್ನದು. ಹಳೆಯ ಟಿಕೆಟ್ಟು, ಬಾಚಣಿಗೆ, ಒಮ್ಮೆ ಹಲ್ಲುಜ್ಜುವ ಬ್ರಷ್ಷೂ ಇಟ್ಟದ್ದುಂಟು. ಸುಬ್ಬುವಿಗೆ ಫೋನ್ ಮಾಡಿದೆ.

“ಆ ನೀಲಿ ರಕ್ಷಾಪುಟದ ಪುಸ್ತಕ ನಿನ್ನ ಹತ್ತಿರ ಇದೆಯಾ? ಅದರೊಳಗೆ ನನ್ನ ಪಾಸ್‌ಪೋರ್ಟ್ ಇದೆ ನೋಡು!”

“ಇದೆ, ಇದೆ. 212ನೇ ಪುಟದಲ್ಲಿ.”

“ಅಬ್ಬಾ! ಈಗಲೇ ತಂದುಕೊಡು ಮಾರಾಯ.”

“ತಡಿಯೋ, ನಾನಿನ್ನೂ 40ರಲ್ಲಿದ್ದೀನಿ. ಅಲ್ಲಿಗೆ ಬಂದಮೇಲೆ ತರುತ್ತೀನಿ.”