ಊರಲ್ಲೊಂದು ಲೈಬ್ರರಿ ಮಾಡಬೇಕು, ಅನುಭವ ಇದ್ದವರು ದಯವಿಟ್ಟು ಹೇಳಿ

ಕೇಳಿದವರು, ಗುಬ್ಬಿ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ನಮ್ಮದು ಸುಮಾರು ನಾನೂರು ಮನೆಯ ಹಳ್ಳಿ. ಪಂಚಾಯ್ತಿ ಲೈಬ್ರರಿ ಇರುವುದು ಆರು ಕಿಲೋಮೀಟರ್ ಆಚೆ, ಮಕ್ಕಳು ಅಲ್ಲಿಗೆ ಹೋಗಿಬರುವುದು ಕಷ್ಟ. ಊರಲ್ಲೇ ಒಂದು ಮಾಡೋಣ ಅಂತ ಆರೇಳು ಜನ ಸೇರಿದ್ದೇವೆ. ದೇವಸ್ಥಾನದ ಪಕ್ಕ 30x40 ಸೈಟು ಬಿಟ್ಟುಕೊಡಲು ಒಬ್ಬ ಹಿರಿಯರು ಒಪ್ಪಿದ್ದಾರೆ. ಹೊರದೇಶದಲ್ಲಿರುವ ನಮ್ಮೂರ ಹುಡುಗರು 15 ಲಕ್ಷದವರೆಗೆ ಒಟ್ಟು ಮಾಡುತ್ತೇವೆ ಅಂದಿದ್ದಾರೆ. ಕಟ್ಟಡ ಹೇಗಿರಬೇಕು? ಊರಿನ ಎಲ್ಲರೂ ಬರಬೇಕಾದರೆ ಏನು ಮಾಡಬೇಕು? ಎರಡು ವರ್ಷಕ್ಕೆ ಬೀಗ ಬೀಳದ ಹಾಗೆ ನಡೆಸುವುದು ಹೇಗೆ?

ಲೈಬ್ರರಿ ಮೇಲ್ವಿಚಾರಕಿ, ಶಿವಮೊಗ್ಗ ಜಿಲ್ಲೆ:

ಅಣ್ಣ, ಹದಿನೆಂಟು ವರ್ಷದಿಂದ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುತ್ತಿದ್ದೇನೆ. ಕಟ್ಟಡದ ಮಾತು ಆಮೇಲೆ. ಮೊದಲು ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸೈಟು ದೇವಸ್ಥಾನದ ಪಕ್ಕ ಅಂದಿರಿ. ನಿಮ್ಮೂರ ಕಾಲೋನಿಯ ಮಕ್ಕಳು ಅಲ್ಲಿಗೆ ಹಿಂಜರಿಯದೆ ಬರುತ್ತಾರಾ? ಅವರ ಅಪ್ಪ ಅಮ್ಮ ಕಳಿಸುತ್ತಾರಾ? ನೀವು ಯಾರನ್ನೂ ಬರಬೇಡಿ ಅನ್ನುವವರಲ್ಲ, ಗೊತ್ತು. ಆದರೆ ಯಾರೂ ಏನೂ ಅನ್ನದಿದ್ದರೂ ಕಾಲು ತಡೆಯುತ್ತದೆ. ಸೈಟು ಬರೆಸಿಕೊಳ್ಳುವ ಮೊದಲು ಅವರ ಬೀದಿಗೇ ಹೋಗಿ, ಕೂತು ಕೇಳಿ.

ಆಮೇಲೆ ಹೊತ್ತಿನ ವಿಚಾರ. ನಾನು ಸೇರಿದ ಹೊಸತರಲ್ಲಿ ಹತ್ತರಿಂದ ಐದರವರೆಗೆ ತೆಗೆಯುತ್ತಿದ್ದೆ. ಆ ಹೊತ್ತಿಗೆ ಮಕ್ಕಳು ಶಾಲೆಯಲ್ಲಿ, ಹೆಂಗಸರು ತೋಟದಲ್ಲಿ. ಬರುತ್ತಿದ್ದವರು ಪೇಪರ್ ಓದುವ ಏಳೆಂಟು ಗಂಡಸರು. ಪೇಪರ್ ಮೇಜು ಬಾಗಿಲಿಗೆ ಎದುರೇ ಇತ್ತು. ಒಬ್ಬ ಹುಡುಗಿ ದಿನಾ ಗೇಟಿನವರೆಗೆ ಬಂದು ವಾಪಸ್ ಹೋಗುತ್ತಿದ್ದಳು. ಒಂದು ದಿನ ಹಿಂದೆ ಹೋಗಿ ಕೇಳಿದೆ. "ಅಷ್ಟು ಜನರ ಮುಂದೆ ಹಾದು ಬರಬೇಕಲ್ಲ ಅಕ್ಕಾ" ಅಂದಳು. ನನಗೆ ಅಲ್ಲಿಯವರೆಗೆ ಅದು ಹೊಳೆದೇ ಇರಲಿಲ್ಲ. ಪೇಪರ್ ಮೇಜನ್ನು ಹಿಂದಿನ ಜಗುಲಿಗೆ ಸಾಗಿಸಿದೆ, ಒಳಗೆ ಚಾಪೆ ಹಾಸಿದೆ. ಮೇಲಿನವರನ್ನು ಕೇಳಿಕೊಂಡು ಸಂಜೆಯ ಹೊತ್ತೂ ತೆಗೆಯಲು ಶುರು ಮಾಡಿದೆ. ಸ್ವಲ್ಪ ದಿನಕ್ಕೆ ಅವಳ ಜೊತೆ ಒಂಬತ್ತು ಹುಡುಗಿಯರು ಬರತೊಡಗಿದರು. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ದಾನದ ಪುಸ್ತಕ ಬಂದಷ್ಟೂ ಇಟ್ಟುಕೊಳ್ಳಬೇಡಿ. ಹಳೇ ಗೈಡು, ಹರಿದ ಪಠ್ಯಪುಸ್ತಕವೇ ಜಾಸ್ತಿ ಬರುತ್ತವೆ. ಒಳ್ಳೆಯವನ್ನು ಆರಿಸಿ, ತೆರೆದ ರ‍್ಯಾಕಿನಲ್ಲಿಡಿ. ಗ್ರಂಥಾಲಯ ಶಾಸ್ತ್ರದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಲೈಬ್ರರಿಗಳಿಗೆ ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಅಂತ. ಎಷ್ಟೋ ಕಡೆ ಇವತ್ತಿಗೂ ಗಾಜಿನ ಬೀರುವಿಗೆ ಬೀಗ ಹಾಕಿಟ್ಟಿರುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಚಿಕ್ಕ ಮಕ್ಕಳಿಗಾದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ ವೆಬ್‌ಸೈಟಿನಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಪ್ರಿಂಟ್ ಹಾಕಿಸಿ ಹೊಲಿಸಿಕೊಳ್ಳಬಹುದು.

ಪಂಚಾಯ್ತಿಯನ್ನೂ ಬಿಡಬೇಡಿ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಇದೆ, ಶೇ 6. 2019ರಲ್ಲಿ ನಮ್ಮ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು, ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ನಿಮ್ಮ ಮಕ್ಕಳ ಹೆಸರನ್ನು ಅಲ್ಲೂ ಬರೆಸಿ. ತಿಂಗಳಿಗೊಮ್ಮೆ ಒಂದು ಚೀಲ ಪುಸ್ತಕ ಬದಲಿಸಿಕೊಂಡು ಬರಲು ಬಿಡುತ್ತೀರಾ ಅಂತ ಅಲ್ಲಿಯವರನ್ನು ಕೇಳಿ ನೋಡಿ.

ಕಟ್ಟಡ ಕಟ್ಟಿಸುವವರು, ತುಮಕೂರು:

ಮೇಡಂ ಹೇಳಿದ್ದು ಮುಗಿದ ಮೇಲೆ ನನ್ನದನ್ನು ಓದಿ. ನಿಮ್ಮದು ಕೆಂಪು ಮಣ್ಣಿನ ಜಾಗ ಇರಬೇಕು. ಹಾಗಿದ್ದರೆ ಒತ್ತಿದ ಮಣ್ಣಿನ ಬ್ಲಾಕು ಒಳ್ಳೆಯದು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಐಐಎಸ್‌ಸಿ) 1974ರಲ್ಲಿ ಶುರುವಾದ, ಹಳ್ಳಿಗೆ ಹೊಂದುವ ತಂತ್ರಜ್ಞಾನದ ತಂಡ 'ಅಸ್ತ್ರ'ದವರು ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಪಾಯ ತೋಡಿದ ಮಣ್ಣನ್ನೇ ಜರಡಿ ಹಿಡಿದು, ಬೇಕಾದರೆ ಮರಳು ಅಥವಾ ಕಲ್ಲುಪುಡಿ ಸೇರಿಸಿ, ಶೇ 7ರಷ್ಟು ಸಿಮೆಂಟ್ ಹಾಕಿ ಕೈಯಂತ್ರದಲ್ಲಿ ಒತ್ತುವುದು. ಇಟ್ಟಿಗೆ ಸುಡುವ ಸೌದೆ ಉಳಿಯುತ್ತದೆ, ಕೂಲಿ ಊರಿನವರಿಗೇ ಸಿಗುತ್ತದೆ. ಮೂರು ನಾಲ್ಕು ವಾರ ನೀರುಣಿಸಲೇಬೇಕು, ಅಲ್ಲಿ ಅವಸರ ಮಾಡಿದರೆ ಬ್ಲಾಕು ಪುಡಿಯಾಗುತ್ತದೆ. ಎರೆ ಭೂಮಿಯವರು ಇದನ್ನು ಓದಿ ಹಾಗೇ ಮಾಡಲು ಹೋಗಬೇಡಿ. ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಪಾಯದ ಲೆಕ್ಕವೇ ಬೇರೆ.

ಪುಸ್ತಕ ತುಂಬಾ ಭಾರ. ಮನೆಯ ನೆಲಕ್ಕೆ ಚದರ ಮೀಟರಿಗೆ 200 ಕಿಲೋ ಲೆಕ್ಕ ಹಿಡಿದರೆ, ಪುಸ್ತಕದ ರ‍್ಯಾಕ್ ತುಂಬಿದ ಕೋಣೆಗೆ 600 ಕಿಲೋ ಹಿಡಿಯಬೇಕು. ಅದಕ್ಕೇ ಎಲ್ಲವೂ ನೆಲದ ಮೇಲೇ ಇರಲಿ, ಮಹಡಿ ಬೇಡ. ಕಿಟಕಿ ಉತ್ತರಕ್ಕೆ ಜಾಸ್ತಿ ಇಡಿ. ಪಶ್ಚಿಮದ ಬಿಸಿಲು ಬಿದ್ದರೆ ಹಾಳೆ ಹಳದಿಯಾಗುತ್ತದೆ, ಓದುವವರ ಕಣ್ಣಿಗೂ ಹಿಂಸೆ. ಸೂರು ಮೂರಡಿ ಹೊರಗೆ ಚಾಚಿದ್ದರೆ ಗೋಡೆಯೂ ನೆನೆಯುವುದಿಲ್ಲ, ಜಗುಲಿಯೂ ಸಿಗುತ್ತದೆ. ಮಂಗಳೂರು ಹೆಂಚಾದರೆ ಪ್ರತಿ ವರ್ಷ ಮಳೆಗೆ ಮುಂಚೆ ಕೈಯಾಡಿಸುವವರು ಯಾರು ಅಂತ ಈಗಲೇ ತೀರ್ಮಾನ ಮಾಡಿ.

ನನ್ನ ಕೈಯಲ್ಲೇ ಒಂದು ತಪ್ಪಾಗಿದೆ. ಒಂದು ಶಾಲೆಗೆ ಲೈಬ್ರರಿ ಮಾಡಿಕೊಡುವಾಗ ಚೆಂದ ಕಾಣಲಿ ಅಂತ ಹೊರಗೋಡೆಯೊಳಗೇ ಮರದ ಕಪಾಟು ಮಾಡಿಸಿದೆ. ಎರಡನೇ ಮಳೆಗಾಲಕ್ಕೆ ಗೆದ್ದಲು ಹತ್ತಿ ಕೆಳಗಿನ ಎರಡು ಸಾಲು ಪುಸ್ತಕ ಮಣ್ಣಾಯಿತು. ಆ ಮಕ್ಕಳ ಮುಖ ಇನ್ನೂ ಮರೆತಿಲ್ಲ. ಕಬ್ಬಿಣದ ರ‍್ಯಾಕನ್ನೇ ಹಾಕಿಸಿ. ಗೋಡೆಯಿಂದ ನಾಲ್ಕು ಇಂಚು ದೂರ, ನೆಲದಿಂದ ಅರ್ಧ ಅಡಿ ಮೇಲೆ ಇರಲಿ. ಎತ್ತರ ನಾಲ್ಕೂವರೆ ಅಡಿ ಸಾಕು, ಮಕ್ಕಳ ಕೈಗೂ ಸಿಗಬೇಕಲ್ವಾ.

ಗಾಲಿಕುರ್ಚಿ ಹತ್ತುವ ಇಳಿಜಾರಿಗೆ ಒಂದಕ್ಕೆ ಹನ್ನೆರಡು ಲೆಕ್ಕ. ನೆಲಗಟ್ಟು ಒಂದೂವರೆ ಅಡಿ ಎತ್ತರ ಇದ್ದರೆ ಹದಿನೆಂಟು ಅಡಿ ಉದ್ದದ ಇಳಿಜಾರು ಬೇಕು. ನಕ್ಷೆ ಬರೆಯುವಾಗಲೇ ಇದಕ್ಕೆ ಜಾಗ ಬಿಡಿ. ಆಮೇಲೆ ಸೇರಿಸಿದರೆ ಬೈಕ್ ಹತ್ತಿಸುವ ದಿಣ್ಣೆಯಾಗುತ್ತದೆ ಅಷ್ಟೆ.

ಹೈಸ್ಕೂಲ್ ಶಿಕ್ಷಕರು, ಹುಬ್ಬಳ್ಳಿ:

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಇಳಿಜಾರಿನ ಬಗ್ಗೆ ಬರೆದದ್ದು ಓದಿ ಖುಷಿಯಾಯಿತು ಸರ್. ಆದರೆ ನನ್ನಂಥವರು ಬಾಗಿಲು ದಾಟಿ ಒಳಗೆ ಬಂದ ಮೇಲೆ ಓದುವುದು ಏನನ್ನು? ಚಿಕ್ಕವನಿದ್ದಾಗ ನಮ್ಮೂರ ಲೈಬ್ರರಿಯಲ್ಲಿ ಅಣ್ಣ ಓದುತ್ತಿದ್ದ, ನಾನು ಪಕ್ಕದಲ್ಲಿ ಸುಮ್ನೆ ಕೂತಿರುತ್ತಿದ್ದೆ. ಹಾಳೆ ತಿರುವುವ ಸದ್ದು ಕೇಳುತ್ತಿದ್ದೆ.

ಈಗ ಹಾಗಿರಬೇಕಾಗಿಲ್ಲ. ಒಂದು ಕಂಪ್ಯೂಟರಿಗೆ ಎನ್‌ವಿಡಿಎ ಅನ್ನುವ ಸಾಫ್ಟ್‌ವೇರ್ ಹಾಕಿ. ದುಡ್ಡು ಕೊಡಬೇಕಾಗಿಲ್ಲ, ಯೂನಿಕೋಡ್‌ನಲ್ಲಿರುವ ಕನ್ನಡವನ್ನು ಗಟ್ಟಿಯಾಗಿ ಓದುತ್ತದೆ. ಎರಡು ಹೆಡ್‌ಫೋನ್ ಇರಲಿ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಲೈಬ್ರರಿಯಲ್ಲಿ ನಮ್ಮಂಥವರು ಸದಸ್ಯರಾಗಬಹುದು, ಅದಕ್ಕೆ ಹೆಸರು ಬರೆಸಲು ನೀವು ನೆರವಾಗಿ. ಬೆಂಗಳೂರಿನ ಮಿತ್ರಜ್ಯೋತಿಯವರು ಧ್ವನಿ ಪುಸ್ತಕ ಮಾಡುತ್ತಾರೆ. ನಿಮ್ಮೂರಲ್ಲೇ ಒಳ್ಳೆಯ ಕಂಠದವರು ಇದ್ದೇ ಇರುತ್ತಾರೆ, ವಾರಕ್ಕೊಂದು ಸಂಜೆ ಅವರಿಂದ ಗಟ್ಟಿಯಾಗಿ ಓದಿಸಿ. ಅಕ್ಷರ ಬಾರದ ಅಜ್ಜಿಯರೂ ಬಂದು ಕೂರುತ್ತಾರೆ. ನಮ್ಮಲ್ಲಿ ಅವರೇ ಮೊದಲು ಬರುವವರು.

ಮೇಜು ಕುರ್ಚಿಯ ಜಾಗವನ್ನು ಪದೇ ಪದೇ ಬದಲಿಸಬೇಡಿ. ಇನ್ನೊಂದು ಮಾತು. ನನಗೇನು ಬೇಕು ಅಂತ ನನ್ನ ಜೊತೆ ಬಂದವರನ್ನು ಕೇಳುತ್ತಾರೆ. ನನ್ನನ್ನೇ ಕೇಳಿದರೆ ಎಷ್ಟು ಹಿತವಾಗುತ್ತದೆ ಗೊತ್ತಾ.

ಹಾಸನ ಕಡೆಯವರು, ಈಗ ದುಬೈ:

ದುಡ್ಡು ಕೊಡುವವರ ಕಡೆಯಿಂದ ಒಂದು ಮಾತು. ನಾವೂ ಹೀಗೇ ಒಟ್ಟು ಮಾಡಿ ಊರಲ್ಲಿ ಲೈಬ್ರರಿ ಕಟ್ಟಿಸಿದೆವು. ಎಲ್ಲವನ್ನೂ ಕಟ್ಟಡಕ್ಕೇ ಸುರಿದೆವು. ಉದ್ಘಾಟನೆಗೆ ರಜೆ ಹಾಕಿ ಬಂದಿದ್ದೆವು. ನೋಡಿಕೊಳ್ಳುವ ಹುಡುಗಿಗೆ ಸಂಬಳ ಎಲ್ಲಿಂದ ಅಂತ ಯಾರೂ ಯೋಚನೆ ಮಾಡಿರಲಿಲ್ಲ. ಒಂದು ವರ್ಷ ನಾವೇ ಕಳಿಸಿದೆವು, ಆಮೇಲೆ ಒಬ್ಬೊಬ್ಬರೇ ನಿಲ್ಲಿಸಿದರು. ಮೂರನೇ ವರ್ಷ ಬೀಗ ಬಿತ್ತು. ಒಳಗೆ ಈಗ ಯಾರದೋ ಗೊಬ್ಬರದ ಮೂಟೆ ಇದೆ.

ನೀವು 15 ಲಕ್ಷದಲ್ಲಿ 7 ಲಕ್ಷಕ್ಕೆ ಎಷ್ಟಾಗುತ್ತದೋ ಅಷ್ಟೇ ಕಟ್ಟಿ. 8 ಲಕ್ಷ ಠೇವಣಿ ಇಡಿ. ಶೇ 7 ಬಡ್ಡಿ ಸಿಕ್ಕರೆ ವರ್ಷಕ್ಕೆ 56,000, ಅಂದರೆ ತಿಂಗಳಿಗೆ 4,600ಕ್ಕಿಂತ ಸ್ವಲ್ಪ ಜಾಸ್ತಿ. ಸಂಜೆ ಮೂರು ಗಂಟೆ ಕೂರುವ ಒಬ್ಬರಿಗೆ ಇದು ಆಧಾರ. ಪೇಪರ್, ಕರೆಂಟ್ ಬಿಲ್ಲು ಊರಿನವರು ಹಾಕಿಕೊಳ್ಳಲಿ, ತಮ್ಮದು ಅನ್ನಿಸಬೇಕಾದರೆ ಅದೂ ಬೇಕು. ಟ್ರಸ್ಟ್ ಮಾಡಿಸಿ, ಅದರಲ್ಲಿ ಕಾಲೋನಿಯವರೂ ಹೆಂಗಸರೂ ಸಹಿ ಹಾಕುವ ಜಾಗದಲ್ಲಿರಲಿ.

ಕೇಳಿದವರು, ಗುಬ್ಬಿ ತಾಲ್ಲೂಕು:

ಎಲ್ಲರಿಗೂ ತುಂಬಾ ಧನ್ಯವಾದ. ಹತ್ತು ದಿನ ಬರೆಯಲಿಲ್ಲ, ಕ್ಷಮಿಸಿ. ಶಿವಮೊಗ್ಗದ ಅಕ್ಕ ಹೇಳಿದ ಹಾಗೆ ಕಾಲೋನಿಗೆ ಹೋಗಿ ಕೂತು ಮಾತಾಡಿದೆವು. ಮೊದಲು ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಅಡಿಕೆ ಸುಲಿಯಲು ಹೋಗುವ ಒಬ್ಬ ತಾಯಿ, "ಗುಡಿ ಹತ್ರ ಬೇಡ ಕಣಪ್ಪ, ಡೈರಿ ಹತ್ರ ಮಾಡಿ. ಅಲ್ಲಿಗೆ ಎಲ್ಲರೂ ಬರ‍್ತೀವಿ" ಅಂದರು. ನಿಜ, ಹಾಲು ಹಾಕಲು ಊರಿಗೆ ಊರೇ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ.

ಡೈರಿ ಪಕ್ಕ ಪಂಚಾಯ್ತಿಯ ಹಳೇ ಕೋಣೆಯೊಂದು ಖಾಲಿ ಇದೆ. ಆರು ತಿಂಗಳಿಗೆ ಕೊಡುತ್ತೇವೆ ಅಂದಿದ್ದಾರೆ. ಸೈಟು ಕೊಡಲು ಬಂದ ಹಿರಿಯರಿಗೆ ವಿಷಯ ತಿಳಿಸಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಗಿಲಿಗೆ ಇಳಿಜಾರು ಮಾಡಿಸುವ ಖರ್ಚು ನನ್ನದು ಅಂದರು. ಕೋಣೆಗೆ ಮೊದಲು ಸುಣ್ಣ ಹೊಡೆಸುತ್ತೇವೆ, ಮುಂದಿನ ವಾರ ಎರಡು ರ‍್ಯಾಕ್ ಬರುತ್ತವೆ. ಸಂಜೆ ಹಾಲು ಹಾಕುವುದು ಐದೂವರೆಗೆ. ಬಾಗಿಲನ್ನೂ ಆಗಲೇ ತೆಗೆಯುತ್ತೇವೆ.